‘ಆಗಲ್ಲ’ ಅಂದರೆ ದೇವರಿಗೆ ಬೇಸರವಾಗುತ್ತಾ?

ಪ್ರಶ್ನೆ: ನನಗೆ 39 ವರ್ಷ, ಅಂಗನವಾಡಿ ಕಾರ್ಯಕರ್ತೆ. ನಾಲ್ಕೈದು ತಿಂಗಳಿಂದ ವಿಪರೀತ ಸುಸ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ, ಕೂದಲು ಉದುರುತ್ತೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮುಟ್ಟು ಏಳೆಂಟು ದಿನ ಹೋಗುತ್ತೆ. ಕೆಲಸದ ಜೊತೆ ಸಂಡೇ ಸ್ಕೂಲ್, ಕ್ವಾಯರ್, ಬುಧವಾರದ ಮನೆ ಪ್ರಾರ್ಥನೆ, ಶುಕ್ರವಾರದ ಉಪವಾಸ ಕೂಟ, ಸಭೆಯ ಮಹಿಳಾ ಸಂಘ, ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರ ಎಲ್ಲಾ ನನ್ನ ಮೇಲೇ. ಮನೆಯಲ್ಲಿ ಲಕ್ವ ಹೊಡೆದ ಅತ್ತೆ ಇದ್ದಾರೆ. ಸಂಜೆ ಹೈಸ್ಕೂಲಿನ ಹುಡುಗಿಯರು ಓದಿಸಿಕೊಳ್ಳಲು ಬರುತ್ತಾರೆ. ಅವರಲ್ಲೊಬ್ಬಳಿಗೆ ಓದು ಬಿಡಿಸಿ ಮದುವೆ ಗೊತ್ತು ಮಾಡಿದ್ದರು. ಅವಳ ಅಪ್ಪನ ಹತ್ತಿರ ಕೂತು ಮಾತಾಡಿ ಆ ಮದುವೆ ಬಿಡಿಸಿದೆ. ಈಗ ನರ್ಸಿಂಗ್ ಓದುತ್ತಿದ್ದಾಳೆ, ಮೊನ್ನೆ ಬಿಳಿ ಯೂನಿಫಾರ್ಮಿನಲ್ಲೇ ಮನೆಗೆ ಬಂದಿದ್ದಳು. ಯಾವುದನ್ನು ಬಿಟ್ಟರೂ ತಲಾಂತನ್ನು ಮಣ್ಣಲ್ಲಿ ಹೂತಿಟ್ಟ ಆಳಿನಂತಾಗುತ್ತೇನೆಂಬ ಭಯ. ಪ್ರಾರ್ಥನೆಗೆ ಮೊಣಕಾಲೂರಿದರೆ ಕಣ್ಣೆಳೆಯುತ್ತೆ. ನನ್ನ ನಂಬಿಕೆ ಕಡಿಮೆಯಾಗಿದೆಯೇ?
— ಒಬ್ಬ ಸಹೋದರಿ, ಹಂಪಸಾಗರ

ಉತ್ತರ: ನಂಬಿಕೆಯ ಮಾತು ಆಮೇಲೆ ಆಡೋಣ ತಾಯಿ. ಮೊದಲು ನಿಮ್ಮ ರಕ್ತ ಪರೀಕ್ಷೆ ಆಗಬೇಕು.

ನೀವು ಬರೆದಿರುವ ಸುಸ್ತು, ಎದೆಬಡಿತ, ಕೂದಲು ಉದುರುವುದು, ಹೆಚ್ಚು ದಿನದ ಮುಟ್ಟು ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ಯಾವ ವೈದ್ಯರಿಗಾದರೂ ಮೊದಲು ಹೊಳೆಯುವುದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ಅದು ಇದೆ. ಗರ್ಭಿಣಿಯರನ್ನು ಕೂರಿಸಿಕೊಂಡು ಕಬ್ಬಿಣದ ಮಾತ್ರೆಯ ಬಗ್ಗೆ ತಿಳಿಹೇಳುವವರು ನೀವು, ಊರಿನ ಮಕ್ಕಳನ್ನೆಲ್ಲಾ ತೂಕ ಮಾಡಿ ಬರೆದಿಡುವವರು ನೀವು. ನಿಮ್ಮ ಹಿಮೋಗ್ಲೋಬಿನ್ ಎಷ್ಟೆಂದು ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ.

ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ.ಪಿ. ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಒಂದೆರಡು ಗಂಟೆ ಅಂತರವಿರಲಿ, ನಿಂಬೆಹಣ್ಣಿನ ನೀರಿನ ಜೊತೆಯಾದರೆ ಒಳ್ಳೆಯದು. ಮಲ ಕಪ್ಪಗಾದರೆ ಗಾಬರಿ ಬೇಡ. ಅಂಕಿ ಸರಿಹೋದ ಮೇಲೂ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಮೂರು ತಿಂಗಳು, ಮಾತ್ರೆ ಮುಂದುವರಿಯಬೇಕು. ಏಳೆಂಟು ದಿನದ ಮುಟ್ಟಿಗೆ ಕಾರಣ ಏನೆಂದು ಸ್ತ್ರೀರೋಗ ತಜ್ಞರು ನೋಡಲೇಬೇಕು. ಸೋರಿಕೆ ನಿಲ್ಲದೆ ಮಾತ್ರೆಯೊಂದೇ ಸಾಲದು. ರಕ್ತ ಸುಧಾರಿಸುವ ತನಕ ಶುಕ್ರವಾರದ ಕೂಟಕ್ಕೆ ಉಂಡೇ ಹೋಗಿ. ಸೊಪ್ಪು, ಕಾಳು, ಮೊಟ್ಟೆ, ನಿಮ್ಮೂರ ಹಿನ್ನೀರಿನ ಮೀನು ತಟ್ಟೆಯಲ್ಲಿರಲಿ, ಮತ್ತು ಆ ತಟ್ಟೆ ಎಲ್ಲರದ್ದೂ ಆದ ಮೇಲೆ ಕೊನೆಯದಾಗುವುದು ಬೇಡ.

ಬೆಳಗಿನ ಜಾವದ ಎಚ್ಚರದ ಬಗ್ಗೆ ಇನ್ನೊಂದು ವಿಚಾರಣೆ. ಎರಡು ವಾರಕ್ಕೂ ಹೆಚ್ಚು ಕಾಲದಿಂದ ಮನಸ್ಸು ಕುಗ್ಗಿದೆಯೇ? ಇಷ್ಟದ ಹಾಡಿನಲ್ಲೂ ರುಚಿ ಹೋಗಿದೆಯೇ? ಹೌದಾದರೆ ಅದು ಖಿನ್ನತೆಯಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗ ಕೆಲಸದ ಹೊರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನೌಟ್’ (ಒತ್ತಡದಿಂದ ಪೂರ್ತಿ ಬಳಲಿಹೋಗುವುದು) ಎಂಬುದನ್ನು ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ ವಿವರಿಸಿದಾಗ ಅದನ್ನು ಉದ್ಯೋಗದ ಒತ್ತಡಕ್ಕೆ ಮಾತ್ರ ಅನ್ವಯಿಸಿತು. ನನಗೆ ಇದು ಸಾಲದು ಅನಿಸುತ್ತದೆ. ಅತ್ತೆಯನ್ನು ಹೊರಳಿಸಿ ಮಲಗಿಸುವ ಸೊಂಟಕ್ಕೆ, ಸಂಘದ ಪಾಸ್‌ಬುಕ್ಕಿಗೆ ಲೆಕ್ಕ ಹೊಂದಿಸುವ ತಲೆಗೆ ಇದು ಸಂಬಳದ ಕೆಲಸ, ಇದು ಸೇವೆ ಎಂಬ ಭೇದ ಗೊತ್ತಿಲ್ಲ.

ತಲಾಂತಿನ ಸಾಮ್ಯವನ್ನು ನೀವೇ ಎತ್ತಿದ್ದರಿಂದ ಹೇಳುತ್ತೇನೆ: ಆ ಕಥೆಯ ಧಣಿ ತನ್ನ ಆಳುಗಳಲ್ಲಿ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಟ್ಟದ್ದು ಅವರವರ ಶಕ್ತಿ ನೋಡಿ. ಎರಡು ಪಡೆದವನನ್ನು ‘ಐದೇಕೆ ತರಲಿಲ್ಲ’ ಎಂದು ಅವನು ಕೇಳಲಿಲ್ಲ. ವೈದ್ಯವೃತ್ತಿಯಲ್ಲಿರುವ ನನಗೆ ಅದಕ್ಕಿಂತ ಹೆಚ್ಚಾಗಿ ತಾಕುವುದು ಕಪೆರ್ನೌಮಿನ ಪ್ರಸಂಗ. ಸಂಜೆ ಊರಿಗೆ ಊರೇ ರೋಗಿಗಳನ್ನು ಕರೆತಂದು ಯೇಸು ಇದ್ದ ಮನೆಯ ಬಾಗಿಲಲ್ಲಿ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಒಬ್ಬನೇ ಪ್ರಾರ್ಥನೆಗೆ ಹೋದ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆಂದು ಶಿಷ್ಯರು ಬಂದು ಹೇಳಿದರು. ಅವನು ಆ ಬಾಗಿಲಿಗೆ ಮರಳದೆ ಬೇರೆ ಊರುಗಳಿಗೆ ಹೊರಟ. ತಾನು ಬಂದದ್ದು ಯಾತಕ್ಕೆಂದು ಅವನಿಗೆ ಸ್ಪಷ್ಟವಿತ್ತು.

ನಿಮ್ಮ ಕರೆ ಯಾವುದು? ಅದನ್ನು ಹೇಳಲು ನಾನು ಯಾರು. ಆದರೂ ಪತ್ರ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಮಿಕ್ಕೆಲ್ಲ ಜವಾಬ್ದಾರಿಗಳನ್ನು ಒಂದೇ ಉಸಿರಿನಲ್ಲಿ ಪಟ್ಟಿ ಮಾಡಿದ್ದೀರಿ, ಆ ಹುಡುಗಿಯ ವಿಷಯ ಬಂದಾಗ ಮಾತ್ರ ಅವಳ ಯೂನಿಫಾರ್ಮಿನ ಬಣ್ಣವನ್ನೂ ಬಿಡದೆ ಬರೆದಿದ್ದೀರಿ. ವೆಲ್ಲೂರಿನ ವೈದ್ಯೆ ಐಡಾ ಸ್ಕಡರ್ ಕಥೆ ನಿಮಗೆ ಗೊತ್ತಿರಬಹುದು. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಸರು ತಮ್ಮ ಹೆಂಡತಿಯರ ಹೆರಿಗೆಗೆ ನೆರವು ಕೇಳಿ, ಇನ್ನೂ ವೈದ್ಯೆಯಾಗದಿದ್ದ ಐಡಾ ಬಳಿಗೆ ಬಂದರು. ಗಂಡು ವೈದ್ಯ ಬೇಡವೆಂದರು, ಮೂವರು ತಾಯಂದಿರೂ ಉಳಿಯಲಿಲ್ಲ. ಐಡಾ ವೈದ್ಯಕೀಯ ಓದಿ 1900ರಲ್ಲಿ ಭಾರತಕ್ಕೆ ಮರಳಿದರು. ಎಲ್ಲ ಹೆರಿಗೆಗೂ ತಾವೊಬ್ಬರೇ ಓಡಿದರೆ ಮುಗಿಯದೆಂದು ಅರಿತು 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ನಿಮ್ಮ ಕೈಯಲ್ಲೂ ಕಲಿತ ಹುಡುಗಿಯರಿದ್ದಾರೆ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ತರಗತಿ, ಕ್ರಿಸ್‌ಮಸ್ ನಾಟಕ ಅವರಿಗೆ ಬಿಡಿ. ನಿಮ್ಮಷ್ಟು ಚೆನ್ನಾಗಿ ಮಾಡದಿದ್ದರೂ ಸರಿ.

ಸ್ತ್ರೀಶಕ್ತಿಯ ಲೆಕ್ಕವನ್ನು ಈ ತಿಂಗಳ ಸಭೆಯಲ್ಲೇ ಇನ್ನೊಬ್ಬರಿಗೆ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಚರ್ಚಿನ ಅಯ್ಯನವರಿಗೆ ಉದ್ದನೆಯ ವಿವರಣೆ ಬೇಡ: ‘ಮೈ ಸರಿಯಿಲ್ಲ ಅಯ್ಯನವರೇ, ಡಾಕ್ಟರು ಮೂರು ತಿಂಗಳು ಬಿಡುವು ಹೇಳಿದ್ದಾರೆ’ ಎನ್ನಿ. ಅದು ಸುಳ್ಳಲ್ಲ, ನಾನು ಹೇಳುತ್ತಿದ್ದೇನೆ. ಯಾವುದನ್ನು ಪೂರ್ತಿ ಬಿಡಬೇಕೆಂಬ ತೀರ್ಮಾನವನ್ನು ಆ ಮೂರು ತಿಂಗಳ ನಂತರ ಮಾಡಿ. ರಕ್ತವಿಲ್ಲದ ಮೈಗೆ ಇಷ್ಟವಾದ ಕೆಲಸವೂ ಭಾರವೇ. ಅತ್ತೆಯ ಆರೈಕೆಯಲ್ಲಿ ರಾತ್ರಿಯ ಪಾಳಿ ನಿಮ್ಮ ಯಜಮಾನರದ್ದಾಗಲಿ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ರಿಪೋರ್ಟ್ ಬಂದ ಮೇಲೆ ಬರೆಯಿರಿ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಇಲ್ಲವೇ ಕೂತಲ್ಲೇ ಏದುಸಿರು ಬಂದರೆ ನನ್ನ ಉತ್ತರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.