ಹುಡುಗನ ತರಬೇತಿ, ನಿನ್ನ ತೆರಿಗೆ

ತಮ್ಮಾ,

ಕೊಟ್ಟೂರಿನ ನಿನ್ನ ಗ್ಯಾರೇಜಿನ ಹುಡುಗನನ್ನು ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಕಲಿಯಲು ಹುಬ್ಬಳ್ಳಿಗೆ ಕಳಿಸುತ್ತೀಯಂತೆ. ಫೀ 20,000, ಮೇಲೆ ಜಿಎಸ್‌ಟಿ 3,600. ಇದನ್ನು ಖರ್ಚು ತೋರಿಸಿದರೆ ತೆರಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಿದ್ದೀ. ಆದಾಯ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಲೆಕ್ಕ ನೋಡು. ವರ್ಷದ ವಹಿವಾಟು 30 ಲಕ್ಷ, ಅರ್ಧ ಫೋನ್‌ಪೇ, ಅರ್ಧ ನಗದು ಅಂದೆಯಲ್ಲ. ನೀನು ರಿಟರ್ನ್ ಹಾಕುವುದು ಆದಾಯ ತೆರಿಗೆ ಕಾಯ್ದೆಯ ಕಲಂ 44ಎಡಿ ಅಡಿಯಲ್ಲಿ. 2026ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅದೇ ಕಲಂ 58. ಫೋನ್‌ಪೇಗೆ ಬಂದ 15 ಲಕ್ಷಕ್ಕೆ ಶೇ 6, ನಗದಿಗೆ ಶೇ 8, ಕೂಡಿದರೆ ಕನಿಷ್ಠ ಲಾಭ 2,10,000. ಬಾಡಿಗೆ, ಸಂಬಳ, ತರಬೇತಿ ಎಲ್ಲ ಕಳೆದು ಉಳಿದದ್ದೇ ಇದು ಎಂದು ಕಾಯ್ದೆ ಹಿಡಿಯುತ್ತದೆ. ಇದರಲ್ಲಿ ಮತ್ತೆ ಫೀ ಕಳೆಯಲು ಬರುವುದಿಲ್ಲ. ನಿನಗೆ ಬೇರೆ ಆದಾಯವಿಲ್ಲ, ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೂ ಇಲ್ಲ. ಕಟ್ಟದ ತೆರಿಗೆಯನ್ನು ಉಳಿಸುವುದು ಹೇಗೆ? ಕೂಡ್ಲಿಗಿಯ ಟೈಲರಿಗೂ ಹಡಗಲಿಯ ಬೇಕರಿಯವನಿಗೂ ಇದೇ ಕಥೆ.

ಪುಸ್ತಕ ಬರೆದು ಖರ್ಚು ತೋರಿಸೋಣ ಎಂದು ಯಾರಾದರೂ ಹುರಿದುಂಬಿಸಿದರೆ ಕಿವಿಗೊಡಬೇಡ. ನಡುವೆ 44ಎಡಿ ಬಿಟ್ಟವನಿಗೆ ಮುಂದಿನ ಐದು ವರ್ಷ ವಾಪಸ್ ಬರಲು ಬಿಡುವುದಿಲ್ಲ.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ದಲ್ಲಾಳಿ ಮಂಡಿಗಳ ಮಾತು ಬೇರೆ. ಕಮಿಷನ್ ವ್ಯವಹಾರಕ್ಕೆ 44ಎಡಿ ಅನ್ವಯಿಸುವುದಿಲ್ಲ, ಅವರು ಪುಸ್ತಕ ಇಡುತ್ತಾರೆ. ಗುಮಾಸ್ತನಿಗೆ ಕಂಪ್ಯೂಟರ್ ಲೆಕ್ಕ ಕಲಿಸಿದ ಫೀ ಅವರಿಗೆ ಪೂರ್ತಿ ಖರ್ಚು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ಮಾತ್ರ ಒಪ್ಪುವುದಿಲ್ಲ. ಮಂಡಿಗೆ ಕಾಲಿಡದ ಮಗನ ಎಂಬಿಎ ಫೀಯನ್ನೂ ಅದರಲ್ಲೇ ತುರುಕಿದರೆ ಅಧಿಕಾರಿ ಅದನ್ನು ಮನೆಖರ್ಚು ಅನ್ನುತ್ತಾನೆ, ಅನ್ನಬೇಕಾದ್ದೂ ಹೌದು.

ನಿನ್ನ ಕೈಗೆ ಸಿಗುವ ದುಡ್ಡಿರುವುದು ಆ 3,600ರಲ್ಲಿ. ನಿನ್ನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಹೇಗೂ ಬೇಕು. ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಅದೂ ಇಲ್ಲ. ರೆಗ್ಯುಲರ್ ಆದರೆ ನೀನು ಕಟ್ಟುವ ತೆರಿಗೆಯಲ್ಲಿ ಇದನ್ನು ಮುರಿದುಕೊಳ್ಳಬಹುದು. ತರಬೇತಿ ಕೊಡುವವರು ಕಲಿಯಲು ಬಂದವನ ಹೆಸರಿಗೇ ರಸೀದಿ ಹರಿದು ಕೊಟ್ಟಾರು, ಹಾಗೆ ತಗೊಳ್ಳಬೇಡ. ಬಿಲ್ ಗ್ಯಾರೇಜಿನ ಹೆಸರಿನಲ್ಲಿ, ನಿನ್ನ ಜಿಎಸ್‌ಟಿ ನಂಬರ್ ಸಹಿತ ಇರಲಿ. ಹುಡುಗನ ಹೆಸರು ವಿವರದ ಸಾಲಿನಲ್ಲಿ ಬರಲಿ. ಅವರು ರಿಟರ್ನ್ ಹಾಕಿ, ನಿನ್ನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ ಕಂಡ ಮೇಲಷ್ಟೇ ಕ್ರೆಡಿಟ್. ಹಣ ಬ್ಯಾಂಕಿನಿಂದಲೇ ಕಳಿಸು.

ಕಲಿತವನು ಬಿಟ್ಟು ಹೋದರೆ ಎಂಬ ನಿನ್ನ ದಿಗಿಲಿಗೆ ಯಾವ ಕಲಮಿನಲ್ಲೂ ಮದ್ದಿಲ್ಲ. ಹುಬ್ಬಳ್ಳಿಯಿಂದ ಬಂದ ತಿಂಗಳಿನಿಂದಲೇ ಅವನ ಸಂಬಳ ಏರಿಸು, ಎಷ್ಟು ಏರಿಸುತ್ತೀ ಎಂಬುದನ್ನು ಕಳಿಸುವ ಮೊದಲೇ ಅವನಿಗೆ ಹೇಳಿಬಿಡು.

ಇಂತಿ ನಿನ್ನ ಅಣ್ಣ