ಹಳೆಯ ಡೀಸೆಲ್ ಪಿಕಪ್‌ಗೆ ಬಳಸಿದ ಗೇರ್‌ಬಾಕ್ಸ್: ಪರೀಕ್ಷೆ, ಕಾಗದಪತ್ರ ಮತ್ತು ನಿಜವಾದ ವೆಚ್ಚ

ಬೀಳಗಿ ತಾಲ್ಲೂಕಿನ ಅನಗವಾಡಿಯು ಘಟಪ್ರಭಾ ನದಿಯ ದಡದಲ್ಲಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ಗ್ರಾಮ. ಸುತ್ತಲಿನ ಮುಧೋಳ, ಜಮಖಂಡಿ, ಬೀಳಗಿ ಭಾಗವು ಕಬ್ಬು ಮತ್ತು ಸಕ್ಕರೆಗೆ, ಮಹಾಲಿಂಗಪುರವು ಬೆಲ್ಲದ ಪೇಟೆಗೆ, ರಬಕವಿ–ಬನಹಟ್ಟಿಯು ಸೀರೆ ನೇಯ್ಗೆಗೆ ಹೆಸರಾಗಿವೆ. ಈ ವ್ಯಾಪಾರದ ಬೆಲ್ಲ, ನೂಲು, ಗೊಬ್ಬರ, ಸಿಮೆಂಟುಗಳನ್ನು ಹಳ್ಳಿಯಿಂದ ಪೇಟೆಗೂ ಪೇಟೆಯಿಂದ ಹಳ್ಳಿಗೂ ಹೊರುವ ವಾಹನಗಳಲ್ಲಿ ಡೀಸೆಲ್ ಪಿಕಪ್‌ಗಳು ಮುಖ್ಯವಾದವು. ಅವುಗಳಲ್ಲಿ ಹತ್ತು–ಹದಿನೈದು ವರ್ಷ ದುಡಿದವು ಅನೇಕ. ಕಬ್ಬಿನ ಹಂಗಾಮಿನಲ್ಲಿ ಇಂಥ ವಾಹನದ ಗೇರ್‌ಬಾಕ್ಸ್ ಕೆಟ್ಟಿತೆಂದರೆ ವರ್ತಕನಿಗೆ ದಿನದಿನವೂ ನಷ್ಟ. ಹೊಸದರ ಬೆಲೆ ಹಳೆಯ ವಾಹನದ ಯೋಗ್ಯತೆಗೆ ಹೊಂದದು; ಕೆಲವು ಮಾದರಿಗಳಿಗೆ ಹೊಸದು ಸುಲಭವಾಗಿ ದೊರೆಯುವುದೂ ಇಲ್ಲ. ಆದ್ದರಿಂದ ಬಳಸಿದ ಗೇರ್‌ಬಾಕ್ಸ್ ಹುಡುಕುವುದು ಸಹಜ ಮತ್ತು ಅನೇಕ ವೇಳೆ ವಿವೇಕದ ಮಾರ್ಗ.

ಆದರೆ ಈ ಖರೀದಿಯು ಸಾಮಾನ್ಯವಾಗಿ ಮಿಸ್ತ್ರಿಯ ಒಂದು ದೂರವಾಣಿ ಕರೆಯಲ್ಲಿ ಮುಗಿದುಹೋಗುತ್ತದೆ. ವರ್ತಕನು ದರ ಕೇಳುತ್ತಾನೆ, ಬಿಲ್ಲು ಕೇಳುವುದಿಲ್ಲ. ಮಾರುವವನು ಹೇಳುವ ಮೊತ್ತವು ನಿಜವಾದ ವೆಚ್ಚದ ಒಂದು ಭಾಗ ಮಾತ್ರವೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ದೋಷ ಗೇರ್‌ಬಾಕ್ಸಿನದೇ?

ಮೊದಲು ರೋಗದ ನಿದಾನವಾಗಬೇಕು. ಎಂಜಿನ್ ಚಾಲನೆಯಲ್ಲಿದ್ದು ಗೇರ್ ನ್ಯೂಟ್ರಲ್‌ನಲ್ಲಿರುವಾಗ ಕೇಳಿಬರುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ ಸಂಶಯ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ದೋಷವು ಬಹುಶಃ ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಎಲ್ಲ ಗೇರುಗಳೂ ಬಿಗಿಯಾಗಿ ಬೀಳುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂದು ನೋಡಬೇಕು. ಒಂದೇ ಗೇರ್ ಕರಕರ ಎನ್ನುತ್ತಿದ್ದರೆ ಅದರ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು. ಬೇರಿಂಗ್ ಅಥವಾ ರಿಂಗ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಕೊಳ್ಳುವುದು ಅಪವ್ಯಯ.

2. ಸರಿಯಾದ ಮಾದರಿ

ಒಂದೇ ಹೆಸರಿನ ಪಿಕಪ್‌ನಲ್ಲಿಯೂ ತಯಾರಿಕೆಯ ವರ್ಷಕ್ಕೆ ತಕ್ಕಂತೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಬದಲಾಗಿರುತ್ತವೆ. ಆದ್ದರಿಂದ "ಇಂಥ ವಾಹನದ ಗೇರ್‌ಬಾಕ್ಸ್" ಎಂದು ಕೇಳಿದರೆ ಸಾಲದು. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆ, ತಯಾರಿಕೆಯ ತಿಂಗಳು ಹಾಗೂ ವರ್ಷ, ಹಳೆಯ ಗೇರ್‌ಬಾಕ್ಸಿನ ಕವಚದ ಮೇಲಿನ ಅಚ್ಚು ಸಂಖ್ಯೆ ಇವುಗಳನ್ನು ಬರೆದುಕೊಟ್ಟು ವಿಚಾರಿಸಬೇಕು. ಎಂಜಿನ್ನಿಗೆ ಕೂಡುವ ಬೋಲ್ಟುಗಳ ಅಳತೆ, ಒಳಬರುವ ಶಾಫ್ಟಿನ ಹಲ್ಲುಗಳ ಸಂಖ್ಯೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆ, ಸ್ಪೀಡೋಮೀಟರ್ ಜೋಡಣೆ ಹಾಗೂ ಗೇರುಗಳ ಅನುಪಾತ ತಾಳೆಯಾಗಬೇಕು. ಅನುಪಾತ ಬೇರೆಯಾದರೆ ವಾಹನ ಓಡೀತು. ಆದರೆ ಭಾರ ಹೊತ್ತು ದಿಬ್ಬವೇರುವಾಗ ಎಳೆತ ಕುಂದೀತು, ಇಲ್ಲವೆ ಹೆದ್ದಾರಿಯಲ್ಲಿ ಡೀಸೆಲ್ ಹೆಚ್ಚು ಉರಿದೀತು.

3. ಖರೀದಿಗೆ ಮುನ್ನ ಪರೀಕ್ಷೆ

ವಾಹನದಿಂದ ಇನ್ನೂ ಕಳಚದ ಗೇರ್‌ಬಾಕ್ಸನ್ನು ಓಡಿಸಿ ನೋಡಲು ಸಾಧ್ಯವಾದರೆ ಅದೇ ಶ್ರೇಷ್ಠ. ಕಳಚಿಟ್ಟದ್ದಾದರೆ ಶಾಫ್ಟನ್ನು ಕೈಯಿಂದ ತಿರುಗಿಸಿ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಶಾಫ್ಟಿನಲ್ಲಿ ಅತಿಯಾದ ಅಲುಗಾಟ ಇರಬಾರದು. ತಳದ ಬೋಲ್ಟು ಬಿಚ್ಚಿ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹಿಡಿಯಬೇಕು. ಹಿತ್ತಾಳೆ ಬಣ್ಣದ ಪುಡಿ ಹೇರಳವಾಗಿದ್ದರೆ ಸಿಂಕ್ರೊನೈಸರ್ ರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು. ಆಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರುಗಳಿದ್ದರೆ ಗೇರಿನ ಹಲ್ಲು ಅಥವಾ ಬೇರಿಂಗ್ ಒಡೆದಿರಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದರ್ಥ. ಕವಚದಲ್ಲಿ ಬಿರುಕು ಅಥವಾ ವೆಲ್ಡಿಂಗ್ ಗುರುತು ಕಂಡರೆ ದರ ಎಷ್ಟೇ ಕಡಿಮೆಯಿದ್ದರೂ ಬಿಡುವುದು ಲೇಸು.

4. ಮಾರುವವನ ಸ್ವಾಮ್ಯ

ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಗಳಂಥ ಪೇಟೆಗಳಿಂದ ಹಿಡಿದು ಊರ ಗುಜರಿಯವರೆಗೆ ಬಳಸಿದ ಬಿಡಿಭಾಗಗಳ ವ್ಯಾಪಾರ ದೊಡ್ಡದು. ಈ ವ್ಯಾಪಾರ ಕಾನೂನುಬಾಹಿರವಲ್ಲ. ಆದರೆ 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಸಾಮಾನ್ಯ ನಿಯಮದಂತೆ ಮಾರುವವನಿಗಿಲ್ಲದ ಸ್ವಾಮ್ಯ ಕೊಳ್ಳುವವನಿಗೆ ದೊರೆಯದು. ಕಳವಾದ ವಾಹನದಿಂದ ಕಳಚಿದ ಗೇರ್‌ಬಾಕ್ಸಿಗೆ ಪೂರ್ತಿ ಹಣ ತೆತ್ತರೂ ಅದು ಕೊಂಡವನದಾಗುವುದಿಲ್ಲ. ಕಳವಿನದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಕೊಂಡರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಬಹುದು. ಪೇಟೆ ದರಕ್ಕಿಂತ ತೀರ ಕಡಿಮೆ ಬೆಲೆ, ಉಜ್ಜಿ ಅಳಿಸಿದ ಸಂಖ್ಯೆ, ಬಿಲ್ಲು ಕೊಡಲು ನಿರಾಕರಣೆ ಇವು ಸಂಶಯಕ್ಕೆ ಎಡೆಮಾಡುವ ಸಂಗತಿಗಳು.

2021ರ ನಿಯಮಗಳಡಿ ನೋಂದಾಯಿತವಾದ ವಾಹನ ಸ್ಕ್ರ್ಯಾಪಿಂಗ್ ಕೇಂದ್ರಗಳಲ್ಲಿ ಕಳಚಿದ ವಾಹನದ ದಾಖಲೆ ಇರುತ್ತದೆ, ಅಲ್ಲಿಯೂ ವಿಚಾರಿಸಬಹುದು.

ಅದೇ ಕಾಯ್ದೆಯ 16ನೇ ಕಲಂ ಕೊಳ್ಳುವವನಿಗೆ ಒಂದು ರಕ್ಷಣೆಯನ್ನು ನೀಡುತ್ತದೆ. ಯಾವ ವಾಹನಕ್ಕೆ, ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ, ಆ ಸರಕಿನ ವ್ಯಾಪಾರಿಯ ಪರಿಣತಿಯನ್ನು ನಂಬಿ ಕೊಂಡರೆ ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬುದು ಅಂತರ್ಗತ ಷರತ್ತು. ಇದನ್ನು ಸಾಧಿಸಲು ಬಿಲ್ಲಿನ ಮೇಲೆ ವಾಹನದ ವಿವರ ಬರೆದಿದ್ದರೆ ಅನುಕೂಲ.

5. ತೆರಿಗೆಯ ಅಂಶಗಳು

ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರವನ್ನು 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18ಕ್ಕೆ ನಿಗದಿಪಡಿಸಲಾಗಿದೆ. ಸರಕು ಸಾಗಣೆಯ ಪಿಕಪ್‌ಗೆ ಇನ್‌ಪುಟ್ ತೆರಿಗೆ ಜಮೆಯ ನಿರ್ಬಂಧವಿಲ್ಲ. ಪ್ರಯಾಣಿಕ ಕಾರುಗಳಿಗಿರುವ ತಡೆಯನ್ನು ಇದಕ್ಕೂ ಅನ್ವಯಿಸಿಕೊಂಡು ಜಮೆ ಬಿಟ್ಟುಕೊಡಬೇಕಾಗಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಜಮೆ ಇಲ್ಲ. ಬಳಸಿದ ಸರಕಿನ ವ್ಯಾಪಾರಿಯು ನಿಯಮ 32(5)ರಂತೆ ತನ್ನ ಲಾಭಾಂಶದ ಮೇಲಷ್ಟೇ ತೆರಿಗೆ ಕಟ್ಟುತ್ತಿರಬಹುದು. ಆಗ ಬಿಲ್ಲಿನಲ್ಲಿ ಪೂರ್ಣ ಬೆಲೆಯ ಮೇಲಿನ ತೆರಿಗೆ ಕಾಣದು. ಆದ್ದರಿಂದ ಬಿಲ್ಲು ಯಾವ ಬಗೆಯದೆಂದು ಮೊದಲೇ ಕೇಳುವುದು ಅವಶ್ಯ.

ಆದಾಯ ತೆರಿಗೆಯಲ್ಲಿ ಇದು ದುರಸ್ತಿ ವೆಚ್ಚ. ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ಚಾಲ್ತಿ ದುರಸ್ತಿಯೆಂದೂ, ಸ್ವತಂತ್ರ ಯಂತ್ರವನ್ನೇ ಬದಲಿಸಿದರೆ ಅದು ದುರಸ್ತಿಯಲ್ಲವೆಂದೂ ತೀರ್ಪಿತ್ತಿತು. ಗೇರ್‌ಬಾಕ್ಸ್ ಸ್ವತಂತ್ರ ಯಂತ್ರವಲ್ಲ, ವಾಹನದ ಅಂಗ. ಆದರೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚ ಮಾನ್ಯವಾಗದು. 1961ರ ಕಾಯ್ದೆಯ 40ಎ(3) ಕಲಮಿನ ಈ ನಿಯಮವನ್ನು 2025ರ ಹೊಸ ಕಾಯ್ದೆಯಲ್ಲಿಯೂ ಉಳಿಸಲಾಗಿದೆ.

6. ಒಂದು ಉದಾಹರಣೆ

ಲೆಕ್ಕದ ಸ್ಪಷ್ಟತೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಲಾಗಿದೆ. ಅನಗವಾಡಿಯ ಪಾಲುದಾರಿಕೆ ಸಂಸ್ಥೆಯೊಂದು ಜಿಎಸ್‌ಟಿಯಡಿ ನೋಂದಾಯಿತವಾಗಿದ್ದು, ಲೆಕ್ಕಪುಸ್ತಕಗಳ ಆಧಾರದ ಮೇಲೆ ಸೆಸ್ ಸೇರಿ ಶೇ. 31.2 ಆದಾಯ ತೆರಿಗೆ ಕಟ್ಟುತ್ತದೆ ಎಂದಿಟ್ಟುಕೊಳ್ಳೋಣ. ಸಾಗಣೆ, ಜೋಡಣೆ, ಎಣ್ಣೆಯ ವೆಚ್ಚ ಎರಡೂ ಸಂದರ್ಭಗಳಲ್ಲಿ 7,000 ರೂ.; ಅದಕ್ಕೆ ಸರಿಯಾದ ರಸೀದಿಗಳಿವೆ.

(ಅ) ಬಿಲ್ಲಿಲ್ಲದೆ, ನಗದಾಗಿ 22,000 ರೂ.: ಒಟ್ಟು 29,000 ರೂ. ತೆರಿಗೆಯಲ್ಲಿ ಮಾನ್ಯವಾಗುವುದು 7,000 ಮಾತ್ರ, ಉಳಿತಾಯ 2,184. ನಿವ್ವಳ ವೆಚ್ಚ 26,816 ರೂ.

(ಆ) ಬಿಲ್ಲಿನೊಂದಿಗೆ, ಬ್ಯಾಂಕಿನ ಮೂಲಕ 28,000 ರೂ. ಮತ್ತು ಜಿಎಸ್‌ಟಿ 5,040: ಒಟ್ಟು 40,040 ರೂ. ಇದರಲ್ಲಿ 5,040 ಜಮೆಯಾಗಿ ಬರುತ್ತದೆ. ಉಳಿದ 35,000ದ ಮೇಲೆ ತೆರಿಗೆ ಉಳಿತಾಯ 10,920. ನಿವ್ವಳ ವೆಚ್ಚ 24,080 ರೂ.

ಮೇಲ್ನೋಟಕ್ಕೆ 11,040 ರೂ. ದುಬಾರಿಯಾಗಿ ಕಂಡದ್ದು ವಾಸ್ತವದಲ್ಲಿ 2,736 ರೂ. ಅಗ್ಗ.

ರಾಜಿ ತೆರಿಗೆಯಲ್ಲಿದ್ದು, ಆದಾಯವನ್ನೂ ಅಂದಾಜು ಪದ್ಧತಿಯಲ್ಲಿ ಘೋಷಿಸುವ ಸಣ್ಣ ವರ್ತಕನಿಗೆ ಈ ಲಾಭವಿಲ್ಲ. ಅವನಿಗೆ 11,040 ರೂ.ಗಳ ವ್ಯತ್ಯಾಸ ಪೂರ್ತಿ ಕೈಯಿಂದಲೇ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಅವನು ಪಡೆಯುವುದು ಸ್ವಾಮ್ಯದ ಭದ್ರತೆ ಮತ್ತು ಲಿಖಿತ ಖಾತರಿ. ಖಾತರಿ ಇಲ್ಲದೆ ಕೊಂಡ ಗೇರ್‌ಬಾಕ್ಸ್ ಹಂಗಾಮಿನ ನಡುವೆ ಕೈಕೊಟ್ಟರೆ 22,000 ರೂ. ಮುಳುಗಿದಂತೆ. ಸಾಮಾನ್ಯ ವಾಹನ ವಿಮೆಯು ಇಂಥ ಯಾಂತ್ರಿಕ ವೈಫಲ್ಯವನ್ನು ತುಂಬಿಕೊಡುವುದಿಲ್ಲ. ಇದನ್ನು ತೂಗಿನೋಡಿ ಅವನು ನಿರ್ಧರಿಸಬೇಕು; ಖಾತರಿಯೇ ಇಲ್ಲದ ಬಿಲ್ಲಿಗೆ ಅಷ್ಟು ಹೆಚ್ಚು ತೆರುವುದರಲ್ಲಿ ಅರ್ಥ ಕಡಿಮೆ.

7. ಬಿಲ್ಲಿನಲ್ಲಿ ಇರಬೇಕಾದ ವಿವರಗಳು

• ಮಾರುವವನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ
• ಗೇರ್‌ಬಾಕ್ಸಿನ ಮಾದರಿ ಮತ್ತು ಕವಚದ ಅಚ್ಚು ಸಂಖ್ಯೆ. "ಬಳಸಿದ್ದು" ಎಂಬ ಸ್ಪಷ್ಟ ನಮೂದು
• ಯಾವ ವಾಹನದಿಂದ ಕಳಚಿದ್ದು, ಯಾವ ವಾಹನಕ್ಕೆ ಕೊಂಡದ್ದು
• ಖಾತರಿಯ ದಿನಗಳು. ಕೆಟ್ಟರೆ ಬದಲಿಯೇ, ಹಣ ವಾಪಸೇ. ಮರುಜೋಡಣೆಯ ಕೂಲಿ ಯಾರದು
• ಹಳೆಯ ಗೇರ್‌ಬಾಕ್ಸನ್ನು ಬದಲಿಗೆ ಕೊಟ್ಟಿದ್ದರೆ ಅದರ ಮೌಲ್ಯ

ಹಳೆಯದನ್ನು ಪ್ರತ್ಯೇಕವಾಗಿ ಗುಜರಿಗೆ ಹಾಕಿದರೆ ಬಂದ ಹಣವನ್ನೂ ಲೆಕ್ಕಕ್ಕೆ ತರಬೇಕು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಯೋಗ್ಯತಾ ಪ್ರಮಾಣಪತ್ರ ಬೇಕಾಗುವುದರಿಂದ ಅದರ ಅವಧಿಯನ್ನು ಗಮನಿಸಿಕೊಂಡು ದುರಸ್ತಿಯ ದಿನ ಗೊತ್ತುಮಾಡುವುದು ಅನುಕೂಲ. ವಾಹನವು ಇನ್ನೆಷ್ಟು ವರ್ಷ ದುಡಿದೀತೆಂಬ ಅಂದಾಜೂ ಇದರೊಡನೆ ಆಗಬೇಕು. ನಿವ್ವಳ ವೆಚ್ಚವನ್ನು ಆ ತಿಂಗಳುಗಳಿಂದ ಭಾಗಿಸಿ, ಬಾಡಿಗೆ ವಾಹನಕ್ಕೆ ತಿಂಗಳಿಗೆ ತಗಲುವ ಹಣದೊಡನೆ ಹೋಲಿಸಿದರೆ ದುರಸ್ತಿಯೋ ವಿಲೇವಾರಿಯೋ ಎಂಬುದು ಇತ್ಯರ್ಥವಾಗುತ್ತದೆ. ಗೇರ್‌ಬಾಕ್ಸಿನ ಪರೀಕ್ಷೆಯನ್ನು ಮಿಸ್ತ್ರಿಗೆ ವಹಿಸಬಹುದು. ಕಾಗದಪತ್ರದ ಪರೀಕ್ಷೆಯನ್ನು ವರ್ತಕನು ತಾನೇ ಮಾಡತಕ್ಕದ್ದು.