ಮೂತ್ರದ ಬಣ್ಣ ನೋಡಿದ್ದೀರಾ?

ಬೇಸಿಗೆಯಲ್ಲಿ ಮಂಡಿಕಲ್ ಸುತ್ತಿನ ಹೊಲಗಳಲ್ಲಿ ದುಡಿಯುವವರ ಮೈನೀರು ಬೆವರಾಗಿ ಹರಿದುಹೋಗುತ್ತದೆ. ಸಂಜೆಗೆ ಮೂತ್ರ ಕಡಿಮೆಯಾಗಿ, ಕಡುಹಳದಿಗೆ ತಿರುಗುತ್ತದೆ. ಏಕೆ?

ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ದೇಹಕ್ಕೆ ಬೇಕಾದ ನೀರು, ಸಕ್ಕರೆ, ಲವಣಗಳನ್ನು ರಕ್ತಕ್ಕೆ ಮರಳಿಸುತ್ತವೆ. ಉಳಿದ ಒಂದೂವರೆ ಲೀಟರಿನಷ್ಟು ನೀರು ಯೂರಿಯಾ ಮೊದಲಾದ ಕಲ್ಮಶಗಳೊಡನೆ ಮೂತ್ರನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿ ಶೇಖರಗೊಂಡು ಹೊರಹೋಗುತ್ತದೆ.

ನೀರು ಸಾಲದಾದಾಗ ಮೂತ್ರಪಿಂಡಗಳು ಇದ್ದ ನೀರನ್ನು ಉಳಿಸಿಕೊಳ್ಳುತ್ತವೆ, ಮೂತ್ರ ಸಾಂದ್ರವಾಗುತ್ತದೆ. ಅದರಲ್ಲಿನ ಲವಣಗಳು ಹರಳುಗಟ್ಟಿದರೆ ಅದೇ ಕಲ್ಲು. ಇದಕ್ಕೆ ಬೋರ್‌ವೆಲ್ ನೀರನ್ನಷ್ಟೇ ದೂರಬೇಡಿ. ಸಾಕಷ್ಟು ನೀರು ಕುಡಿಯದಿರುವುದು ಮುಖ್ಯ ಕಾರಣ.

ಹೊಲಕ್ಕೆ ಬುತ್ತಿಯ ಜೊತೆ ಕುಡಿಯುವ ನೀರನ್ನೂ ಒಯ್ಯಿರಿ. ಮೂತ್ರ ತಿಳಿಹಳದಿಯಾಗುವಷ್ಟು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆ ಮೀರಬಾರದು. ಮರೆಯಿಲ್ಲವೆಂದು ಹೆಣ್ಣುಮಕ್ಕಳು ಮೂತ್ರ ತಡೆಹಿಡಿಯುವುದು, ಅದಕ್ಕಾಗಿಯೇ ನೀರು ಬಿಡುವುದು ಸೋಂಕಿಗೆ ದಾರಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಡಮಾಡದೆ ವೈದ್ಯರನ್ನು ಕಾಣಿರಿ.